ಟಬಿತಾಳ ಬಹುವಚನ

ಸಿಲಾಸನ ವಿಚಾರಣೆಯ ದಿನ ಬೆಳಿಗ್ಗೆ ಟಬಿತಾ ಆಲ್ಡರ್ಸನ್ ತನ್ನ ಜೋಡಿನ ಅಂಗಡಿಯ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಸತ್ತ ಕೋಳಿಯೊಂದು ಬಿದ್ದಿತ್ತು. ಬಿಳಿ ಕೋಳಿ. ಕತ್ತು ಮುರಿದಿದ್ದರು, ಪುಕ್ಕ ಒಂದನ್ನೂ ಕಿತ್ತಿರಲಿಲ್ಲ. ಮೊದಲ ಮಹಾಯುದ್ಧಕ್ಕೆ ಹೋಗದ ಗಂಡಸಿನ ಕೈಗೆ ಹುಡುಗಿಯರು ಒಂದು ಬಿಳಿ ಪುಕ್ಕ ಕೊಟ್ಟು ಹೇಡಿ ಎಂದು ಹಂಗಿಸುತ್ತಿದ್ದ ಕಾಲ ಅದು. ಇಲ್ಲಿ ಯಾರೋ ಧಾರಾಳಿಗಳು ಇಡೀ ಕೋಳಿಯನ್ನೇ ಕೊಟ್ಟುಹೋಗಿದ್ದರು.

"ಒಳಗೆ ತಗೊಂಡ್ ಬಾ ಅತ್ತೆ," ಎಂದ ಸಿಲಾಸ್ ಹಿಂದಿನಿಂದ. "ಮಾಂಸದ ಮುಖ ನೋಡಿ ಹದಿನೈದು ದಿನ ಆಯ್ತು. ಕೊಟ್ಟೋರ ಹೆಸರು ಹೇಳ್ಕೊಂಡು ಸಾರು ಮಾಡೋಣ."

"ನಿನಗೆ ಎಲ್ಲಾ ತಮಾಷೆ."

"ಅಳೋದಕ್ಕೆ ಮಧ್ಯಾಹ್ನ ಇದೆಯಲ್ಲ."

ಟಬಿತಾ ನಗಲಿಲ್ಲ. ಕೋಳಿಯನ್ನು ಹಿತ್ತಲಿಗೆ ಒಯ್ದು ಗುಂಡಿ ತೋಡಿ ಹೂತಳು.  ಏಪ್ರಿಲ್ ಬಂದಿದ್ದರೂ ಮಣ್ಣು ಇನ್ನೂ ಚಳಿಗೆ ಗಟ್ಟಿಯಾಗಿತ್ತು.

ಟಬಿತಾ ಕ್ವೇಕರ್ ಎಂಬ ಕ್ರೈಸ್ತ ಪಂಗಡದವಳು. ಆ ಜನ ತಮ್ಮನ್ನು ತಾವು 'ಗೆಳೆಯರು' ಎಂದು ಕರೆದುಕೊಳ್ಳುತ್ತಾರೆ. ಆಣೆ ಇಡುವುದಿಲ್ಲ, ಆಯುಧ ಮುಟ್ಟುವುದಿಲ್ಲ, ವ್ಯಾಪಾರದಲ್ಲಿ ಚೌಕಾಸಿಗೆ ಎಡೆ ಕೊಡುವುದಿಲ್ಲ. ಹಳಬರಾದರೆ ಯಾರನ್ನೂ ಬಹುವಚನದಲ್ಲಿ ಕರೆಯುವುದೂ ಇಲ್ಲ. ಎದುರಿಗೆ ನಿಂತವನು ಒಬ್ಬನೇ. ಅವನನ್ನು 'ನೀವು' ಎಂದರೆ ಒಬ್ಬನನ್ನು ಹಲವರೆಂದು ಸುಳ್ಳು ಹೇಳಿದಂತೆ ಎಂಬುದು ಅವರ ವಾದ. ಅವಳ ಊರಾದ ಥಾರ್ನ್‌ಬೆಕ್ಕಿನಲ್ಲಿ ಹಾಗೆ ಮಾತಾಡುವವರು ಉಳಿದಿದ್ದು ಇಬ್ಬರೇ, ಟಬಿತಾ ಮತ್ತು ಅವಳು ಸಾಕಿದ ತಮ್ಮನ ಮಗ ಸಿಲಾಸ್. ಪಾದ್ರಿಗೂ ನೀನು, ಡಾಕ್ಟರಿಗೂ ನೀನು, ವರ್ಷಕ್ಕೊಮ್ಮೆ ಬೇಟೆಗೆ ಬರುವ ದೊಡ್ಡ ಜಮೀನ್ದಾರನಿಗೂ ನೀನು. ಅರವತ್ತೆರಡರ ಹೆಂಗಸನ್ನು ನಾನು ಇಲ್ಲಿ ಅವಳು ಇವಳು ಎನ್ನುತ್ತಿರುವುದೂ ಅದಕ್ಕೇ. 'ಅವರು' ಎಂದಿದ್ದರೆ ನನ್ನನ್ನು ಅಂಗಡಿಯ ಮೆಟ್ಟಿಲು ಹತ್ತಿಸುತ್ತಿರಲಿಲ್ಲ.

ಊರು ಇದನ್ನೆಲ್ಲ ಸಹಿಸಿಕೊಂಡಿತ್ತು. ಸಹಿಸಿಕೊಂಡಿತ್ತು ಏನು, ಒಳಗೊಳಗೇ ಹೆಮ್ಮೆಯನ್ನೂ ಪಟ್ಟಿತ್ತು. ಬೇಲಿಯ ಜಗಳವಾಗಲಿ, ಸತ್ತವರ ಕೊನೆಯ ಮಾತು ಏನೆಂಬ ತಕರಾರಾಗಲಿ, "ಟಬಿತಾನ್ನ ಕೇಳಿ" ಎಂದರೆ ಮುಗಿಯಿತು. ಅವಳು ಹೇಳಿದ ಮೇಲೆ ಎರಡನೆಯ ಮಾತಿರಲಿಲ್ಲ. ಆದರೆ ಯುದ್ಧ ಬಂದು ಎರಡು ವರ್ಷವಾಗುತ್ತ ಬಂದಿತ್ತು. ಹನ್ನೊಂದು ಮನೆಗಳಿಗೆ ಸಾವಿನ ತಂತಿ ಬಂದಿತ್ತು. ಈಗ ಅವಳು ಬೀದಿಗಿಳಿದರೆ ಮಾತಾಡುತ್ತಿದ್ದ ಹೆಂಗಸರು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು.

ಜನವರಿಯಲ್ಲಿ ಕಾನೂನು ಬಂತು: ಮದುವೆಯಾಗದ ಗಂಡಸರೆಲ್ಲ ಇನ್ನು ಸೈನಿಕರೇ, ಇಷ್ಟವಿರಲಿ ಇಲ್ಲದಿರಲಿ. ಮನಸ್ಸಾಕ್ಷಿ ಒಪ್ಪುವುದಿಲ್ಲ ಎನ್ನುವವರು ಊರಿನ ವಿಚಾರಣಾ ಮಂಡಳಿಯ ಮುಂದೆ ನಿಂತು ಅದನ್ನು ರುಜುವಾತು ಮಾಡಬೇಕು. ಮನಸ್ಸಾಕ್ಷಿಯನ್ನು ಹರಾಜುಕಟ್ಟೆಯ ಕುರಿಯ ಹಾಗೆ ಹಲ್ಲು ಎಣಿಸಿ ನೋಡುವುದು ಹೇಗೆಂದು ಕಾನೂನು ಬರೆದವರು ಹೇಳಿರಲಿಲ್ಲ.

ಮಂಡಳಿ ಒಪ್ಪದಿದ್ದರೆ ಏನಾಗುತ್ತದೆಂದು ಟಬಿತಾಳಿಗೆ ಗೊತ್ತಿತ್ತು. ಹಿಂದಿನ ವಾರ ಪಕ್ಕದ ಕಣಿವೆಯ ಗೆಳತಿಯೊಬ್ಬಳಿಂದ ಕಾಗದ ಬಂದಿತ್ತು. ಅವಳ ಮಗನನ್ನು ಬ್ಯಾರಕ್ಕಿಗೆ ಎಳೆದೊಯ್ದಿದ್ದರು. ಸಮವಸ್ತ್ರ ತೊಡುವುದಿಲ್ಲ ಎಂದದ್ದಕ್ಕೆ ಕೈಕೋಳ ಹಾಕಿ ಬರಿ ನೀರು, ರೊಟ್ಟಿ ಕೊಟ್ಟು ಕೂಡಿಹಾಕಿದ್ದರು. ಇಂಥವರನ್ನು ಫ್ರಾನ್ಸಿಗೆ ಸಾಗಿಸುತ್ತಾರಂತೆ ಎಂದು ಅಲ್ಲಿನ ಕಾವಲುಗಾರನೇ ಹೇಳಿದ್ದ. ಅಲ್ಲಿ ಯುದ್ಧಭೂಮಿಯ ಕಾನೂನು. ಆಜ್ಞೆ ಮೀರಿದವನನ್ನು ಕಂಬಕ್ಕೆ ಕಟ್ಟಿ ಗುಂಡು ಹೊಡೆಯುತ್ತಾರೆ. ಕಾಗದವನ್ನು ಟಬಿತಾ ಮೂರು ಸಲ ಓದಿ ಒಲೆಗೆ ಹಾಕಿದ್ದಳು.

ಇನ್ನೊಂದು ವಿಷಯವೂ ಅವಳಿಗೆ ಗೊತ್ತಿತ್ತು. ಅದು ಅವಳಿಗೂ ಸಿಲಾಸನಿಗೂ ಬಿಟ್ಟರೆ ಬದುಕಿರುವ ಯಾರಿಗೂ ಗೊತ್ತಿರಲಿಲ್ಲ.

ಯುದ್ಧ ಶುರುವಾದ ಹೊಸದರಲ್ಲಿ, ಹತ್ತೊಂಬತ್ತರ ಸಿಲಾಸ್ ಗೆಳೆಯ ಕಿಟ್ ಮೇಸನ್ ಜೊತೆ ಡಾರ್ಲಿಂಗ್ಟನ್ನಿಗೆ ಹೋಗಿ ಸೈನ್ಯಕ್ಕೆ ಸೇರುವ ಸಾಲಿನಲ್ಲಿ ನಿಂತಿದ್ದ. ಬ್ಯಾಂಡು, ಬಾವುಟ, ಹುಡುಗುಬುದ್ಧಿ. ಕಿಟ್‌ನನ್ನು ತೆಗೆದುಕೊಂಡರು. ಸಿಲಾಸ್ ಒಂದು ಅಂಗುಲ ಗಿಡ್ಡನೆಂದು ವಾಪಸು ಕಳಿಸಿದರು. ಸಂಜೆ ಬಂದು ಅತ್ತೆಯ ಮುಂದೆ ಎಲ್ಲ ಹೇಳಿಕೊಂಡು ಅತ್ತ; ಹೋದದ್ದಕ್ಕಲ್ಲ, ತೆಗೆದುಕೊಳ್ಳಲಿಲ್ಲವೆಂದು. ಮರುವರ್ಷ ಕಿಟ್ ರಜಕ್ಕೆ ಬಂದ. ಸಿಲಾಸ್ ಮರದಟ್ಟೆಯ ಜೋಡು ಮಾಡುವ ಕೊಟ್ಟಿಗೆಯಲ್ಲಿ ಕಿಟ್ ಒಂದಿಡೀ ದಿನ ಕೂತಿದ್ದ. ಏನು ಮಾತಾಡಿದರೋ ಟಬಿತಾಳಿಗೆ ಪೂರ್ತಿ ತಿಳಿಯಲಿಲ್ಲ. ಒಬ್ಬನನ್ನು ಬಯನೆಟ್ಟಿನಿಂದ ಇರಿದೆ, ಅವನು ಸಾಯಲು ಬಹಳ ಹೊತ್ತು ತಗೊಂಡ, ಅವ್ವನನ್ನು ಕರೀತಿದ್ದ ಎಂದಷ್ಟು ಕೇಳಿಸಿತ್ತು. ಕಿಟ್ ಮರಳಿ ಹೋಗಿ ಸತ್ತ. ಆಮೇಲಿನ ಸಿಲಾಸ್ ಬೇರೆಯೇ. ಗೆಳೆಯರ ಮೌನಪ್ರಾರ್ಥನೆಯ ಸಭೆಯಲ್ಲಿ ಮುಂಚೆ ತೂಕಡಿಸುತ್ತಿದ್ದವನು ಈಗ ಕಣ್ಣು ತೆರೆದುಕೊಂಡು ಕೂರುತ್ತಿದ್ದ.

ಅವನ ಮನಸ್ಸಾಕ್ಷಿ ಅಪ್ಪಟವಾದದ್ದು. ಆದರೆ ಅದು ಹುಟ್ಟಿದ್ದು ತಡವಾಗಿ. ಒಂದು ಕಾಲದಲ್ಲಿ ಬಂದೂಕು ಕೊಡಿ ಎಂದು ಸಾಲಿನಲ್ಲಿ ನಿಂತವನು ಈಗ ಬೇಡ ಎಂದರೆ ಯಾರು ನಂಬುತ್ತಾರೆ?

"ಕೇಳಿದ್ದಕ್ಕಷ್ಟೇ ಉತ್ತರ ಕೊಡು," ಎಂದಳು ಟಬಿತಾ, ಟೋಪಿಯ ದಾರ ಬಿಗಿಯುತ್ತ.

"ಡಾರ್ಲಿಂಗ್ಟನ್ ವಿಷಯ ಕೇಳಿದ್ರೆ?"

"ಯಾರು ಕೇಳ್ತಾರೆ? ಯಾರಿಗೆ ಗೊತ್ತು?"

ಸಿಲಾಸ್ ಅತ್ತೆಯ ಮುಖವನ್ನೇ ನೋಡಿದ. 

ಪುರಭವನ ತುಂಬಿತ್ತು. ತಂತಿ ಬಂದ ಮನೆಗಳವರು ಮುಂದಿನ ಬೆಂಚುಗಳಲ್ಲೇ ಕೂತಿದ್ದರು. ಕಿಟ್‌ನ ತಾಯಿ ಕರಿ ಬಟ್ಟೆಯಲ್ಲಿ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು. ವೇದಿಕೆಯ ಮೇಲೆ ಐವರು. ನಡುವೆ ಅಧ್ಯಕ್ಷ ಜೊನಾಸ್ ಕಾಲ್ವರ್ಟ್, ಕುರಿ ಹರಾಜು ಹಾಕುವವನು, ದೊಡ್ಡ ಗಂಟಲಿನ ಮನುಷ್ಯ. ಅವನ ಒಬ್ಬನೇ ಮಗ ಫ್ರಾನ್ಸಿನ ಕಂದಕದಲ್ಲಿದ್ದ. ಪಕ್ಕದ ಮೇಜಿಗೆ ಸೈನ್ಯದ ಪರವಾಗಿ ಕ್ಯಾಪ್ಟನ್ ಸ್ಟ್ರೆಟನ್, ತೆಳ್ಳಗೆ, ಅಚ್ಚುಕಟ್ಟಾಗಿ. ಸಿಲಾಸನಿಗಿಂತ ಮೊದಲು ಬಂದ ಮೂವರ ಅರ್ಜಿಗಳನ್ನು ಅರ್ಧ ಗಂಟೆಯಲ್ಲಿ ತಳ್ಳಿಹಾಕಿದ್ದರು. ಮೂರನೆಯವನು ಕೆಳಗಿಳಿದು ಬರುವಾಗ ಯಾರೋ ಅವನ ಬೆನ್ನಿಗೆ ಉಗಿದರು. ಯಾರೂ ಬೇಡ ಎನ್ನಲಿಲ್ಲ.

"ಸಿಲಾಸ್ ಆಲ್ಡರ್ಸನ್," ಎಂದು ಕೂಗಿದ ಗುಮಾಸ್ತ.

ಕ್ಯಾಪ್ಟನ್ ಕಾಗದದಿಂದ ತಲೆಯೆತ್ತದೆ ಮಾತಾಡಿದ. "ಇವರದೆಲ್ಲ ಒಂದೇ ಹಾಡು ಅಧ್ಯಕ್ಷರೇ. ಕಾನೂನು ಬಂದ ಮಾರನೇ ದಿನ ಎಲ್ಲರಿಗೂ ಮನಸ್ಸಾಕ್ಷಿ ಮೊಳೆತುಬಿಟ್ಟಿದೆ. ಯುದ್ಧ ಶುರುವಾದಾಗ ಇವನದು ಎಲ್ಲಿತ್ತು ಅಂತ ಯಾರು ಹೇಳ್ತಾರೆ?"

"ಅದಕ್ಕೆ ಸಾಕ್ಷಿ ಇದೆ," ಎಂದ ಕಾಲ್ವರ್ಟ್. "ಮೊದ್ಲು ಅವಳನ್ನೇ ಕೇಳೋಣ. ಬಾ ಟಬಿತಾ."

"ಆಕೆ ಪ್ರಮಾಣ ಮಾಡಲಿ."

ಸಭೆಯಲ್ಲಿ ಸಣ್ಣ ನಗೆ ಎದ್ದಿತು. ಕಾಲ್ವರ್ಟನೂ ನಕ್ಕ. "ಕ್ಯಾಪ್ಟನ್, ತಾವು ಹೊಸಬರು. ಟಬಿತಾ ಹತ್ರ ಆಣೆ ಕೇಳೋದೂ ಒಂದೇ, ಕಲ್ಲಿನ ಹತ್ರ ಹಾಲು ಕೇಳೋದೂ ಒಂದೇ. ಆದ್ರೆ ಇವಳ ಬರಿಮಾತು ಇದೆಯಲ್ಲ, ಅದು ನಮ್ಮೆಲ್ಲರ ಆಣೆಗಿಂತ ಗಟ್ಟಿ. ಬೇಕಾದ್ರೆ ಇಲ್ಲಿ ಯಾರನ್ನಾದ್ರೂ ಕೇಳಿ."

ಕ್ಯಾಪ್ಟನ್ ಸಭೆಯ ಕಡೆ ನೋಡಿದ. ಯಾರೂ ಅಲ್ಲ ಎನ್ನಲಿಲ್ಲ. ಕಿಟ್‌ನ ತಾಯಿ ಕೂಡ ಸಣ್ಣಗೆ ತಲೆಯಾಡಿಸಿದಳು. ಟಬಿತಾ ಆ ಕಡೆಯಿಂದ ಕಣ್ಣು ತಿರುಗಿಸಿದಳು.

"ಸರಿ ಹಾಗಾದ್ರೆ," ಎಂದ ಕ್ಯಾಪ್ಟನ್. "ನೋಡಮ್ಮ. ಯುದ್ಧ ಶುರುವಾದಾಗ, ಕಾನೂನು ಗೀನೂನು ಏನೂ ಇಲ್ದೇ ಇದ್ದಾಗ, ಈ ಹುಡುಗ ಯುದ್ಧ ತಪ್ಪು ಅಂತಿದ್ನಾ? ಹೌದಾ, ಇಲ್ವಾ?"

ಟಬಿತಾ ಕಂಬವನ್ನು ಕಂಡಳು. ಎಲ್ಲಿಯೋ ಕಾಣದ ದೇಶದ ಹಸಿಮಣ್ಣಿನಲ್ಲಿ ನೆಟ್ಟ ಕಂಬ, ಅದಕ್ಕೆ ಬಿಗಿದ ಹಗ್ಗ, ಹಗ್ಗದೊಳಗೆ ಒಂದು ಅಂಗುಲ ಗಿಡ್ಡನಾದ ತನ್ನ ಹುಡುಗ.

"ಅವಸರ ಇಲ್ಲ ಟಬಿತಾ," ಎಂದ ಕಾಲ್ವರ್ಟ್ ಮೆಲ್ಲಗೆ. "ನನ್ನ ಮಗನೂ ಅಲ್ಲಿದಾನೆ. ಇವನು ಇಲ್ಲಿರೋದು ನೋಡಿದ್ರೆ ನನಗೂ ಹೊಟ್ಟೆ ಉರಿಯುತ್ತೆ, ಸುಳ್ಳ್ಯಾಕೆ ಹೇಳ್ಲಿ. ಆದ್ರೆ ನೀನು ಹೇಳಿದ್ದನ್ನ ನಾನು ನಂಬ್ತೀನಿ. ನಿನ್ನ ಬಾಯಿಂದ ಒಂದು ಮಾತು ಬರ್ಲಿ, ಸಾಕು."

"ಹೌದು," ಎಂದಳು ಟಬಿತಾ. "ಮೊದಲಿಂದಲೂ ಹಾಗೇ ಇದ್ದ." ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತೇನೋ. ಆದರೆ ಅಭ್ಯಾಸವಿಲ್ಲದವರ ಸುಳ್ಳು ಕುಂಟುತ್ತದೆ, ಊರುಗೋಲು ಹುಡುಕುತ್ತದೆ. "ಯಾವತ್ತೂ ಸೈನ್ಯದ ಕಡೆ ತಲೆ ಹಾಕಿದವನಲ್ಲ. ನೀವು ನಂಬಬೇಕು ಸ್ವಾಮಿ. ನೀವೇ ಕಾಪಾಡಬೇಕು."

ಕಾಲ್ವರ್ಟನ ಕೈ ಒಂದು ಗಳಿಗೆ ಕಾಗದದ ಮೇಲೆ ತಡೆಯಿತು. ಐವತ್ತು ವರ್ಷದಿಂದ ಬಲ್ಲ ಹೆಂಗಸು. ಅವನ ಮದುವೆಯ ದಿನವೂ, ಅವನು ಮಂಡಳಿಯ ಅಧ್ಯಕ್ಷನಾದ ದಿನವೂ ನೀನು ಎಂದವಳು. ಗಾಬರಿಯಾಗಿದ್ದಾಳೆ, ಪಾಪ ಎಂದುಕೊಂಡ. ಲೇಖನಿಯನ್ನು ಮಸಿಯಲ್ಲಿ ಅದ್ದಿ ವಿನಾಯಿತಿ ಬರೆಯತೊಡಗಿದ.

ಸಿಲಾಸನಿಗೆ ಮಾತ್ರ ಅದು ಗಾಬರಿಯೆಂದು ಅನ್ನಿಸಲಿಲ್ಲ. ಆ ಒಂದು 'ನೀವು' ಕೇಳಿ ಅವನು ಬೆಂಚಿನಿಂದ ಎದ್ದು ನಿಂತ.

"ಬರೀಬೇಡ, ಜೊನಾಸ್ ಕಾಲ್ವರ್ಟ್."

"ಕೂತ್ಕೋ ಸಿಲಾಸ್," ಎಂದಳು ಟಬಿತಾ. 

"ಅತ್ತೆ ಹೇಳಿದ್ದು ನಿಜ ಅಲ್ಲ. ನನಗೋಸ್ಕರ ಹೇಳಿದ್ದು. ಯುದ್ಧ ಶುರುವಾದ ವರ್ಷ ಕಿಟ್ ಜೊತೆ ನಾನೂ ಡಾರ್ಲಿಂಗ್ಟನ್‌ಗೆ ಹೋಗಿದ್ದೆ. ಗಿಡ್ಡ ಅಂತ ತಗೊಳ್ಲಿಲ್ಲ. ತಗೊಂಡಿದ್ರೆ ಹೋಗ್ತಿದ್ದೆ. ಆಮೇಲೆ ಕಿಟ್ ಬಂದು ಹೇಳಿದ್ದು ಕೇಳಿದ ಮೇಲೆ..." ಅವನು ಕಿಟ್‌ನ ತಾಯಿಯ ಕಡೆ ನೋಡಿ ಮಾತು ನಿಲ್ಲಿಸಿದ. ಆಕೆಯ ಮುಂದೆ ಅದನ್ನು ಹೇಗೆ ಹೇಳುವುದು? "ಆಮೇಲೆ ನನ್ನಿಂದ ಆಗಲ್ಲ ಅನ್ನಿಸ್ತು. ಈಗಲೂ ಆಗಲ್ಲ. ಅಷ್ಟೇ."

 ಕ್ಯಾಪ್ಟನ್ ಕುರ್ಚಿಗೆ ಒರಗಿ ಕೂತ. ಇನ್ನು ಅವನು ಮಾಡಬೇಕಾದ ಕೆಲಸವೇನೂ ಉಳಿದಿರಲಿಲ್ಲ.

ಕಾಲ್ವರ್ಟ್ ಅರ್ಧ ಬರೆದ ಕಾಗದವನ್ನು ಪಕ್ಕಕ್ಕೆ ಸರಿಸಿದ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ಸಿಟ್ಟು ಅವನ ಮುಖದಲ್ಲಿರಲಿಲ್ಲ.

"ಇದನ್ನೇ ನೀನು ಹೇಳಿದ್ರೆ ಆಗ್ತಿತ್ತಲ್ಲ," ಎಂದ ಟಬಿತಾಳಿಗೆ. "ಹೋಗಿದ್ದ, ಬದಲಾದ, ನಾನು ಕಣ್ಣಾರೆ ಕಂಡೆ ಅಂತ. ನಾನು ನಂಬ್ತಿದ್ದೆ. ಈ ನಾಲ್ವರನ್ನೂ ಒಪ್ಪಿಸ್ತಿದ್ದೆ. ಈಗ ಯಾರ ಮಾತಿನ ಮೇಲೆ ಸಹಿ ಹಾಕ್ಲಿ?"

ಟಬಿತಾ ಆಗ ಮಾತಾಡಿದಳು. ಕೊಟ್ಟಿಗೆಯಲ್ಲಿ ಕಿಟ್ ಕೂತ ದಿನ, ಕೇಳಿಸಿದ ಮಾತು, ಸಿಲಾಸ್ ವಾರಗಟ್ಟಲೆ ಸರಿಯಾಗಿ ಉಣ್ಣದೆ ಹೋದದ್ದು, ಸೈನ್ಯದ ಬೂಟಿನ ಕೆಲಸ ಬಂದಾಗ ಬೇಡವೆಂದು ಕೂಲಿ ಕಳಕೊಂಡದ್ದು, ಎಲ್ಲ ಹೇಳಿದಳು. ಕಿಟ್‌ನ ತಾಯಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಟಬಿತಾ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಗುಮಾಸ್ತ ಮಾತ್ರ ಲೇಖನಿ ಕೆಳಗಿಟ್ಟು ಕಿಟಕಿಯಾಚೆ ನೋಡುತ್ತಿದ್ದ. ಅವಳು ಇನ್ನೂ ಹೇಳುತ್ತಿರುವಾಗಲೇ ಕಾಲ್ವರ್ಟ್ ಕೈಯೆತ್ತಿದ.

"ಸಾಕು. ನೀವಿನ್ನು ಕೂತ್ಕೊಳ್ಳಿ," ಎಂದ.

ಗುಮಾಸ್ತ ಆಮೇಲೆ ಎರಡೇ ಸಾಲು ಬರೆದುಕೊಂಡ: ಅರ್ಜಿದಾರ ಹಿಂದೆ ಸ್ವಂತ ಇಚ್ಛೆಯಿಂದ ಸೈನ್ಯಕ್ಕೆ ಸೇರಲು ಹೋಗಿದ್ದ, ಸಾಕ್ಷಿ ಸುಳ್ಳು ಹೇಳಿದ್ದಾಳೆ. ಅರ್ಜಿ ತಳ್ಳಿಹಾಕಿದೆ, ಮೇಲ್ಮನವಿಗೆ ಅವಕಾಶವುಂಟು ಎಂದು ಅಧ್ಯಕ್ಷ ಹೇಳಿದ. ಮೇಲಿನವರ ಮುಂದೆ ಮೊದಲು ಹೋಗುವುದು ಇದೇ ಕಾಗದ ಎಂಬುದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಇಬ್ಬರೂ ಹೊರಗೆ ಬಂದಾಗ ಯಾರೂ ಉಗಿಯಲಿಲ್ಲ, ಬೈಯಲಿಲ್ಲ. ಜನ ಸರಿದು ದಾರಿ ಬಿಟ್ಟರು. ಪುರಭವನದ ಮೆಟ್ಟಿಲಿಳಿಯುವಾಗ ಸಿಲಾಸ್ ಟಬಿತಾಳ ತೋಳು ಹಿಡಿದುಕೊಂಡ.

"ನಾನು ಬಾಯಿ ಮುಚ್ಕೊಂಡಿದ್ದಿದ್ರೆ ಇಷ್ಟೊತ್ತಿಗೆ ನಗ್ತಾ ಮನೆಗೆ ಹೋಗ್ತಿದ್ವಿ ಅತ್ತೆ," ಎಂದ. "ನನ್ನ ಮೇಲೆ ಸಿಟ್ಟಾ?"

"ಇಲ್ಲ ಮಗಾ," ಎಂದಳು ಅವಳು. "ನಾನು ಬಾಯಿ ಬಿಟ್ಟು ನಿಜ ಹೇಳಿದ್ದಿದ್ರೆ ಹೋಗ್ತಿದ್ವಿ."

ಮೇಲ್ಮನವಿ ನಾಲ್ಕು ನಿಮಿಷದಲ್ಲಿ ಮುಗಿಯಿತು. ಮೇ ಕೊನೆಯ ವಾರ ಪೊಲೀಸಿನವನು ಕೊಟ್ಟಿಗೆಗೆ ಬಂದಾಗ ಸಿಲಾಸ್ ಕೈಯಲ್ಲಿದ್ದ ಜೋಡಿಗೆ ಕೊನೆಯ ಮೊಳೆ ಹೊಡೆದು ಎದ್ದ. ಅವನು ಬರೆದ ಒಂದೇ ಒಂದು ಕಾಗದ ಜೂನ್ ಮೊದಲ ವಾರ ಬಂತು. ಅದರ ಮೇಲಿದ್ದದ್ದು ಫ್ರಾನ್ಸಿನ ಅಂಚೆ ಮುದ್ರೆ.