ಜೀರ್ಣೋದ್ಧಾರ

ಶಿವರಂಜನಿಗೆ ಬೇಕಾದ ಒಂದು ಪದ ಕನ್ನಡದಲ್ಲಿ ಗೊತ್ತಿರಲಿಲ್ಲ.

ಬಸವೇಶ್ವರನಗರದಲ್ಲಿ ಹುಟ್ಟಿ, ಇಂಗ್ಲಿಷ್ ಶಾಲೆಯಲ್ಲಿ ಓದಿ ಆರ್ಕಿಟೆಕ್ಟ್ ಆದವಳು. ಮನೆಮಾತು ಕನ್ನಡವೇ. ಆದರೆ ಕೆಲಸದ ವಿಷಯ ಬಂದರೆ ತಡವರಿಸುತ್ತಿದ್ದಳು. ಕೆಂಗೇರಿಯ ಉಚಿತ ವಿದ್ಯಾರ್ಥಿನಿಲಯದ ವಾರ್ಡನ್ ಗುರುಸಿದ್ದಯ್ಯನವರಿಗೆ ಈ ಹಳೆಯ ಕಟ್ಟಡಕ್ಕೆ ಬೇಕಾದದ್ದು 'ಕನ್ಸರ್ವೇಶನ್' ಎಂದರೆ ಅರ್ಥವಾಗಲಿಲ್ಲ. ಅವಳು ತಲೆ ಕೆರೆದುಕೊಂಡು, "ಅದೇ ಸಾರ್, ಜೀರ್ಣೋದ್ಧಾರ" ಎಂದಳು. ಅವರ ಮುಖ ಅರಳಿತು.

ನಿಲಯ ಹಳೇ ಕೆಂಗೇರಿಯ ಗಲ್ಲಿಯೊಂದರಲ್ಲಿತ್ತು. ಊರೂರಿಂದ ಬರುವ ಬಡ ಹುಡುಗರು ಉಂಡು ಓದಲಿ ಎಂದು ತೊಂಬತ್ತು ವರ್ಷದ ಹಿಂದೆ ಎಣ್ಣೆ ವ್ಯಾಪಾರಿಯೊಬ್ಬರು ಕಟ್ಟಿಸಿದ್ದು. ನಡುವೆ ತೊಟ್ಟಿ, ಸುತ್ತ ಕಲ್ಲುಕಂಬದ ಜಗಲಿ, ತೊಲೆಗಳ ಮೇಲೆ ಇಟ್ಟಿಗೆ ನಿಲ್ಲಿಸಿ ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿ. ಏಪ್ರಿಲ್‌ನಲ್ಲೂ ಫ್ಯಾನ್ ಬೇಕಿರಲಿಲ್ಲ. ಈಗ ನಿಲಯ ನಡೆಸುವ ಟ್ರಸ್ಟಿಗೆ ಅದನ್ನು ಕೆಡವಿ ಅಲ್ಲಿ ಅಂಗಡಿ ಮಳಿಗೆ ಕಟ್ಟಬೇಕಾಗಿತ್ತು. ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದರೆ ಮಾತ್ರ ಯಾರೂ ಕೆಡವುವಂತಿರಲಿಲ್ಲ.

ಮೂರು ತಿಂಗಳ ಭಾನುವಾರಗಳನ್ನೆಲ್ಲ ಅವಳು ಅಳತೆಗೆ ಸುರಿದಳು. ಟೇಪಿನ ಇನ್ನೊಂದು ತುದಿ ಹಿಡಿದದ್ದು ಗುರುಸಿದ್ದಯ್ಯ. ಅರಮನೆ, ಚರ್ಚು, ಕಚೇರಿಗಳನ್ನು ಉಳಿಸಿಕೊಂಡ ಊರು ಬಡ ಹುಡುಗರು ಓದಿದ ಮನೆಯೊಂದನ್ನೂ ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಇಲ್ಲಿ ದೊಡ್ಡವರು ಮಾತ್ರ ಬದುಕಿದ್ದರು ಅಂತಾಗುತ್ತದೆ ಎಂದು ಅರ್ಜಿಯಲ್ಲಿ ಬರೆದಳು. ಶಿವರಾತ್ರಿ ಕಳೆದ ಮೇಲೆ ಪಟ್ಟಿ ಮಾಡುವ ಸಮಿತಿ ಕಟ್ಟಡ ನೋಡಲು ಬರುವುದೆಂದಾಯಿತು. ಅಷ್ಟರಲ್ಲಿ ಕಚೇರಿಯವರು ಅವಳನ್ನು ಐದು ವಾರ ಹುಬ್ಬಳ್ಳಿಗೆ ಕಳಿಸಿದರು. ಫೋನಿನಲ್ಲಿ ಗುರುಸಿದ್ದಯ್ಯ ಎಲ್ಲ ನಾನು ನೋಡಿಕೊಳ್ಳುತ್ತೇನೆ, ನೀವು ಯೋಚನೆ ಮಾಡಬೇಡಿ ಎಂದಿದ್ದರು.

ಸಮಿತಿಯ ಜೊತೆಯಲ್ಲೇ ಬಂದಿಳಿದ ಅವಳಿಗೆ ಬಾಗಿಲಲ್ಲೇ ಪೇಂಟಿನ ವಾಸನೆ ಹೊಡೆಯಿತು. ಕಲ್ಲುಕಂಬಗಳಿಗೆ ಬಂಗಾರದ ಬಣ್ಣ. ಕೆಂಪು ನೆಲದ ಮೇಲೆ ಮುಖ ಕಾಣುವ ಬಿಳಿ ಟೈಲ್ಸ್. ಮರದ ಕಿಟಕಿಗಳ ಜಾಗದಲ್ಲಿ ಅಲ್ಯೂಮಿನಿಯಂ. ತಾರಸಿಯ ಕೆಳಗೆ ಹೂವು ಬಿಡಿಸಿದ ಫಾಲ್ಸ್ ಸೀಲಿಂಗ್. ನಿಲಯದಲ್ಲಿ ಉಂಡು ಹೋದ ಹಳೆಯ ವಿದ್ಯಾರ್ಥಿಗಳು ಒಬ್ಬ ಟೈಲ್ಸ್, ಒಬ್ಬ ಪೇಂಟ್, ಒಬ್ಬ ಕೂಲಿ ಎಂದು ಖರ್ಚು ಹಂಚಿಕೊಂಡು ಮಾಡಿಸಿದ್ದರು. ಟ್ರಸ್ಟಿನ ಕಾರ್ಯದರ್ಶಿ ಚನ್ನವೀರೇಶ್ ಕೇಳಿದ ಕೂಡಲೇ ಒಪ್ಪಿದ್ದರಂತೆ. ಅವರಿಗೆ ಕನ್ಸರ್ವೇಶನ್, ಜೀರ್ಣೋದ್ಧಾರ ಎರಡೂ ಪದದ ಅರ್ಥ ಗೊತ್ತಿತ್ತು.

ಸಮಿತಿಯ ಮುರಳೀಕೃಷ್ಣ ನಿವೃತ್ತ ಎಂಜಿನಿಯರ್. ಕಂಬವನ್ನು ಪೆನ್ನಿನಿಂದ ತಟ್ಟಿ, "ಇದ್ರಲ್ಲಿ ಹಳೇದು ಯಾವ್ದಮ್ಮ? ತೋರ್ಸಿ, ಬರ್ಕೋತೀನಿ" ಎಂದರು.

ಶಿವರಂಜನಿ ಬಾಯಿ ತೆರೆಯುವ ಮೊದಲೇ ಗುರುಸಿದ್ದಯ್ಯ ಮುಂದೆ ಬಂದರು. "ಹಳೇದು ಒಂದೂ ಬಿಟ್ಟಿಲ್ಲ ಸಾರ್. ಎಲ್ಲಿ ಬೇಕಾದ್ರೂ ನೋಡಿ."

ಮುರಳೀಕೃಷ್ಣ ಪೆನ್ನಿನ ಕ್ಯಾಪ್ ಹಾಕಿದರು. ಉಪ್ಪಿಟ್ಟು, ಕೇಸರಿಬಾತು ತಿಂದು, ಹಾರ ಹಾಕಿಸಿಕೊಂಡು ಹೋದರು.

ಅವಳು ಸುಮ್ಮನೆ ಕೂರಲಿಲ್ಲ. ಟೈಲ್ಸ್ ತೆಗೆಸಲು ಮೇಸ್ತ್ರಿಯನ್ನು ಕರೆತಂದಳು. ಸಿಮೆಂಟ್ ಹಿಡಿಯಲೆಂದು ಹಳೆಯ ನೆಲವನ್ನು ಉದ್ದಕ್ಕೂ ಉಳಿಯಲ್ಲಿ ಕೊಚ್ಚಿದ್ದಾರೆ, ಗೋಡೆಯ ಗಾರೆಯನ್ನೂ ಕೆರೆದು ಹಾಕಿದ್ದಾರೆ ಎಂದ ಅವನು. ಕಿಟಕಿಗಳು ಹಳೇ ಮರದ ಅಂಗಡಿ ಸೇರಿ ಅಲ್ಲಿಂದಲೂ ಮಾರಾಟವಾಗಿದ್ದವು. ಹದಿನೈದು ದಿನಕ್ಕೆ ಸಮಿತಿಯ ಪತ್ರ ಬಂತು: ಮೂಲ ಸ್ವರೂಪ ಉಳಿದಿಲ್ಲ, ಅರ್ಜಿ ತಿರಸ್ಕೃತ.

ಪತ್ರ ಹಿಡಿದು ಹೋದಾಗ ಗುರುಸಿದ್ದಯ್ಯ ಜಗಲಿಯಲ್ಲಿ ಬೇಳೆ ಆರಿಸುತ್ತಿದ್ದರು. ಪಾಸಾಯಿತೇ ಎಂದು ಕೇಳಿದರು. ಇಲ್ಲ ಎಂದಳು. ತಾನು ಹೇಳಿದ ಪದ ತಪ್ಪು, ಅದಕ್ಕೇ ಹೀಗಾಯಿತು ಎಂದು ಬಿಡಿಸಿ ಹೇಳಿದಳು.

ಅವರು ಬೇಳೆಯಿಂದ ಕಲ್ಲೊಂದನ್ನು ಹೆಕ್ಕಿ ಎಸೆದರು. "ನಮ್ಮೂರ ಈಶ್ವರನ ಗುಡಿಗೂ ಹೀಗೇ ಮಾಡಿದ್ರಲ್ಲಮ್ಮ. ಗ್ರಾನೈಟ್ ಹಾಕಿ, ಕಂಬಕ್ಕೆ ಬಣ್ಣ ಬಳಿದು. ಸ್ವಾಮಿಗಳೇ ಬಂದು ಉದ್ಘಾಟನೆ ಮಾಡಿದ್ರು. ಅದೂ ತಪ್ಪಾ?"

ಅವಳು ಪತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಸರಿ, ಇದ್ದದ್ದನ್ನ ಇದ್ದ ಹಾಗೇ ಇಡೋದಕ್ಕೆ ಏನಂತಾರೆ?"

"ಸಂರಕ್ಷಣೆ ಅಂತಾರಂತೆ ಸಾರ್. ಆಮೇಲೆ ನಿಘಂಟಲ್ಲಿ ನೋಡ್ದೆ."

"ಕಸ ಗುಡ್ಸಿ, ಸೋರೋ ಕಡೆ ಗಾರೆ ಮೆತ್ತಿ, ಸುಣ್ಣ ಹೊಡ್ದು ಬಿಡೋದು. ಅಷ್ಟೇನಾ?"

"ಅಷ್ಟೇ ಸಾರ್."

"ನಲವತ್ತು ವರ್ಷದಿಂದ ನಾನು ಅದನ್ನೇ ಮಾಡ್ತಿದ್ನಲ್ಲಮ್ಮ" ಎಂದರು ಗುರುಸಿದ್ದಯ್ಯ. ಮೊರವನ್ನು ಪಕ್ಕಕ್ಕಿಟ್ಟರು.

ಪರೀಕ್ಷೆ ಮುಗಿದ ವಾರ ಜೆಸಿಬಿ ಬಂತು. ಮೊದಲ ಏಟಿಗೆ ಫಾಲ್ಸ್ ಸೀಲಿಂಗ್ ಕಳಚಿ ಬಿತ್ತು. ಮೇಲಿನ ತೊಲೆಗಳು ಕಪ್ಪಗೆ, ನೆಟ್ಟಗೆ, ಒಂದು ಬಿರುಕೂ ಇಲ್ಲದೆ ಕಂಡವು. ಎರಡನೆಯ ಏಟು ಅವುಗಳಿಗೇ ಬಿತ್ತು. ಗುರುಸಿದ್ದಯ್ಯ ನೋಡಲು ಬರಲಿಲ್ಲ. ನಾಗರಬಾವಿ, ಅತ್ತಿಗುಪ್ಪೆ ಕಡೆ ಬಾಡಿಗೆಗೆ ಕೋಣೆ ಸಿಕ್ಕ ಹುಡುಗರು ಓದು ಮುಂದುವರಿಸಿದರು. ಸಿಗದವರು ಊರಿಗೆ ಹೋದರು.

ಹೋದದ್ದು ಹದಿನಾರು ಕಲ್ಲುಕಂಬ, ಮೂವತ್ತೆರಡು ತೇಗದ ತೊಲೆ, ಹನ್ನೊಂದು ಕೋಣೆ, ಒಂದು ತೊಟ್ಟಿ, ನಲವತ್ತಮೂರು ಹುಡುಗರ ಊಟ, ಒಬ್ಬ ವಾರ್ಡನ್.