ಅತ್ತೆಯ ಒಳಂಗಿ

ದರ್ಜಿಯಮ್ಮನ ನಾಲಿಗೆ ಕತ್ತರಿಗಿಂತ ಹರಿತ ಎಂದು ಬೀದಿಯೆಲ್ಲ ಹೇಳುತ್ತಿತ್ತು. ಎದೆಯ ಗಡ್ಡೆ ತೆಗೆಸಿ, ಔಷಧಿಗೆ ತಲೆ ಬೋಳಾದ ಮೇಲೂ ಅದೇನೂ ಮೊಂಡಾಗಲಿಲ್ಲ. “ಬಾಚೋ ಕೆಲಸ ತಪ್ತು ಬಿಡಿ” ಎಂದು ತಲೆಗೆ ಬಟ್ಟೆ ಸುತ್ತಿ ಅಂಗಡಿಗೆ ಬಂದಳು. ಅಂಥವಳನ್ನು ಆಸ್ಪತ್ರೆಯ ಒಂದು ಹಾಳೆ ಮೂರು ದಿನ ಕಾಡಿಸಿತು.

ಕಾಯಿಲೆ ವಂಶದಲ್ಲೇ ಹರಿದು ಬಂದದ್ದೇ ಎಂದು ರಕ್ತ ನೋಡಿ ತಿಳಿಯಬಹುದು, ಮಾಡಿಸುವುದು ಬಿಡುವುದು ನಿಮ್ಮಿಷ್ಟ ಎಂದಿದ್ದರು ಡಾಕ್ಟರಮ್ಮ. ಅದಕ್ಕೆ ಮೊದಲು ತಾಯಿಯ ಕಡೆ, ತಂದೆಯ ಕಡೆ ಯಾರು ಯಾವ ವಯಸ್ಸಿಗೆ ಏನಾಗಿ ಹೋದರೆಂದು ಬರೆಯಬೇಕು. ಎಲ್ಲ ತುಂಬಿತು. ಸೋದರತ್ತೆಯ ಸಾಲು ಮಾತ್ರ ಖಾಲಿ ಉಳಿಯಿತು.

“ಮೆಟ್ಟಿಲಿಂದ ಬಿದ್ದು ಹೋದ್ಲು ಅಂತ ಬರಿ” ಎಂದ ಅಣ್ಣ, ಎಡಗೈಯಲ್ಲಿ ಅಂಚು ಹೊಲಿಯುತ್ತ. “ಇಲ್ಲಾಂದ್ರೆ ಪರೀಕ್ಷೆನೇ ಬಿಡು. ಇರಲಾರದೆ ಇರುವೆ ಯಾಕೆ ಬಿಟ್ಕೋತೀಯ? ಏನಾದ್ರೂ ಇದೆ ಅಂತ ಬಂದ್ರೆ ಮನೇಲಿ ಯಾರಿಗೆ ನಿದ್ದೆ ಹತ್ತುತ್ತೆ?”

ಅವನ ನಿದ್ದೆ ಯಾರ ಸಲುವಾಗಿ ಕೆಡುತ್ತದೆಂದು ಅವಳಿಗೆ ಗೊತ್ತಿತ್ತು. ಅವನ ಒಬ್ಬಳೇ ಮಗಳು ಗುಬ್ಬಿ, ಇಪ್ಪತ್ತಾರರವಳು, ಮೂಲೆಯ ಮಿಷಿನ್ನಿನಲ್ಲಿ ತೋಳು ಜೋಡಿಸುತ್ತಿದ್ದಳು. ಮಕ್ಕಳಿಲ್ಲದ ದರ್ಜಿಯಮ್ಮ ಎತ್ತಿ ಆಡಿಸಿದ್ದು ಇವಳೊಬ್ಬಳನ್ನೇ.

ಅಂಗಡಿ ಮೊದಲು ಸೋದರತ್ತೆಯದು. ಅವಳು ಹೋದಾಗ ಅಣ್ಣನಿಗೆ ಹದಿನಾಲ್ಕು, ಇವಳಿಗೆ ನಾಲ್ಕು. ಅತ್ತೆಯ ಬಟ್ಟೆಯ ಪೆಟ್ಟಿಗೆ ಇನ್ನೂ ಮೇಲಿನ ಹಲಗೆಯಲ್ಲಿತ್ತು. ಅದನ್ನು ನಿನ್ನೆಯೇ ಜಾಲಾಡಿದ್ದ ದರ್ಜಿಯಮ್ಮ ಈಗ ಒಂದು ಹಳೇ ಒಳಂಗಿ ತೆಗೆದು, ಒಳಹೊರಗು ಮಾಡಿ ಮೇಜಿನ ಮೇಲೆ ಹರವಿದಳು. ಎಡಗಡೆ ಎದೆಯ ಜಾಗಕ್ಕೆ ಹೊಲಿದ, ಹತ್ತಿ ತುಂಬಿದ ಒಂದು ಚೀಲ. ಬಲಗಡೆ ಏನೂ ಇಲ್ಲ.

“ಮೆಟ್ಟಿಲಿಂದ ಬಿದ್ದವ್ರಿಗೆ ಇದ್ಯಾಕೆ ಬೇಕಿತ್ತಣ್ಣ?”

ಅಣ್ಣ ಅಂಚು ಹೊಲಿಯುತ್ತಲೇ ಇದ್ದ.

“ಅಂಗಿ ಪೂರ್ತಿ ಹೊಲಿಗೆ ಬಲಕ್ಕೆ ವಾಲಿದೆ. ಅದು ಅತ್ತೆ ಬಲಗೈ. ಚೀಲದ ಹೊಲಿಗೆ ಎಡಕ್ಕೆ. ಮನೇಲಿ ಎಡಗೈಯವನು ನೀನೊಬ್ನೇ.”

ಸೂಜಿ ನಿಂತಿತು. “ಯಾರಿಗೂ ಹೇಳಲ್ಲ ಅಂತ ಆಣೆ ಹಾಕಿಸ್ಕೊಂಡಿದ್ಲು” ಎಂದ ಅವನು ಮೆಲ್ಲಗೆ. “ನಲವತ್ತು ವರ್ಷ ನಡೆಸ್ದೆ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. “ನೀನು ನಡೆಸಿದ್ದಕ್ಕೇ, ಗಡ್ಡೆ ಕೈಗೆ ಸಿಕ್ಕಿದ ಮೇಲೂ ನಮ್ಮಲ್ಲಿ ಯಾರಿಗೂ ಇಲ್ವಲ್ಲ ಅಂತ ಆರು ತಿಂಗಳು ಸುಮ್ನೆ ಕೂತಿದ್ದೆ. ಗುಬ್ಬಿ ಕಣ್ಣಿಗೂ ಮಣ್ಣೆರಚೋಕೆ ನಾನು ಬಿಡಲ್ಲ.”

ಮಿಷಿನ್ನು ಯಾವಾಗಲೋ ನಿಂತಿತ್ತು. “ಅತ್ತೆ, ನಂಗೆ ತಿಳ್ಕೋಬೇಕೋ ಬೇಡ್ವೋ, ಇನ್ನೂ ಗೊತ್ತಾಗ್ತಿಲ್ಲ” ಎಂದಳು ಗುಬ್ಬಿ.

“ನಿಂದು ನಿನ್ನಿಷ್ಟ ಕಣೆ. ಇವತ್ತೇ ಹೇಳ್ಬೇಕಿಲ್ಲ. ನನ್ನ ರಕ್ತ ಮಾತ್ರ ನನ್ನಿಷ್ಟ. ನೀನು ಕೇಳಿದ ದಿನ ಏನು ಬಂತು ಅಂತ ಹೇಳ್ತೀನಿ, ಮುಚ್ಚಿಡಲ್ಲ.” ಆಮೇಲೆ ಹಾಳೆಯನ್ನು ಅಣ್ಣನ ಮುಂದೆ ತಳ್ಳಿದಳು. “ವಯಸ್ಸೆಷ್ಟಿತ್ತು ಅವಳಿಗೆ?”

ಅವನು ಮಗಳನ್ನು ನೋಡಿದ. ಪೆನ್ನನ್ನು ಎಡಗೈಗೆ ತೆಗೆದುಕೊಂಡು ಖಾಲಿ ಸಾಲಿನಲ್ಲಿ ತಾನೇ ಬರೆದ: ಎದೆಯ ಕ್ಯಾನ್ಸರ್, ಮೂವತ್ತಾರು.

ದರ್ಜಿಯಮ್ಮ ಹಾಳೆ ಮಡಿಸಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು. “ನಾಳೆ ಅಂಗಡಿ ನೀನೇ ತೆಗಿ ಅಣ್ಣ. ನಾನು ರಕ್ತ ಕೊಟ್ಟು ಬರ್ತೀನಿ.”