ಟಕ್ ಅನ್ನದ ಮುಚ್ಚಳ

ಕಾರಿನ ಬಾಗಿಲು ತೆಗೆದರೆ ಸಾಕು, ಪೆಟ್ರೋಲ್ ವಾಸನೆ. ಏಳು ತಿಂಗಳ ಬಸುರಿ ಮಗಳು ಹಿಂದಿನ ಸೀಟಿನಲ್ಲಿ ಕೂತು ಮೂಗು ಮುಚ್ಚಿಕೊಂಡಳು.

"ಅಪ್ಪ, ಕಿಟಕಿ ತೆಗಿ."

"ಯಾಕಮ್ಮ ಬೆಳಬೆಳಗ್ಗೇ ಕಿಟಿಕಿಟಿ?" ಎಂದರು ಅಪ್ಪ. ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದವರು.

ಮಗಳು ಇಳಿದು ಮುಂದಿನ ಬಾಗಿಲ ಬಳಿ ಬಂದು ನಿಂತಳು. "ಈ ಕಾರಲ್ಲಿ ನಾನು ತಪಾಸಣೆಗೆ ಬರಲ್ಲ. ಈ ಪೆಟ್ರೋಲ್ ವಾಸನೆ ತಡೆಯಕ್ಕಾಗಲ್ಲ. ಹೆರಿಗೆಗೂ ಬೇರೆ ಗಾಡಿ ನೋಡ್ಕೋತೀನಿ."

ಹೆರಿಗೆಗೆ ತಾವೇ ಕರೆದೊಯ್ಯಬೇಕೆಂದು ಅಪ್ಪ ಹೊಸ ಸೀಟು ಕವರು ಹಾಕಿಸಿದ್ದರು. "ಬಸುರಿ ಮೂಗಿಗೆ ಎಲ್ಲವೂ ವಾಸನೆಯೇ," ಎಂದು ಗೊಣಗಿದರೂ ಕಾರನ್ನು ಗ್ಯಾರೇಜಿಗೆ ತಿರುಗಿಸಿದರು. ಎರಡೇ ಬೀದಿ ದೂರ. ಮಗಳು ನಡೆದೇ ಬಂದಳು.

ಗ್ಯಾರೇಜಿನ ಮೇಸ್ತ್ರಿ ಹೆಂಗಸು. ಕೈಯ ಗ್ರೀಸು ಒರೆಸಿಕೊಂಡು ಒಳಗೆ ಇಣುಕಿದಳು. ಸ್ಟೀರಿಂಗಿನ ಮುಂದೆ ಎಚ್ಚರಿಕೆಯ ಎಂಜಿನ್ ದೀಪ ಹಳದಿಯಾಗಿ ಉರಿಯುತ್ತಿತ್ತು.

"ಯಜಮಾನ್ರೇ, ಈ ದೀಪ ಯಾವಾಗಿಂದ?"

"ಎರಡು ತಿಂಗಳು. ಗಾಡಿ ಓಡ್ತಿದೆಯಲ್ಲ, ಉರಿದ್ರೆ ಉರೀಲಿ ಬಿಡು."

ಅವಳು ತಪಾಸಣೆ ಯಂತ್ರ ಜೋಡಿಸಿ ನೋಡಿದಳು. "ಟ್ಯಾಂಕಿನ ಆವಿ ಎಲ್ಲೋ ಸೋರ್ತಿದೆ. ಆ ಆವೀನ ಇದ್ದಿಲು ತುಂಬಿದ ಡಬ್ಬಿ ಹಿಡಿದಿಟ್ಟುಕೊಳ್ಳುತ್ತೆ, ಆಮೇಲೆ ಎಂಜಿನ್ ಅದನ್ನ ಸುಡುತ್ತೆ. ನಡುವೆ ಸಂದು ಬಿಟ್ರೆ ನಾವು ಉಸಿರಾಡೋ ಗಾಳಿಗೇ ಬರುತ್ತೆ. ಕಿಡಿ ತಾಗಿದ್ರೆ ಹತ್ತಿಕೊಳ್ಳುತ್ತೆ ಕೂಡ."

"ಟ್ಯಾಂಕ್ ಮುಚ್ಚಳದ್ದೇ ತಂಟೆ. ಎರಡು ಸಲ ಹೊಸದು ತಂದೆ. ಎರಡೂ ದಂಡ."

ಮೇಸ್ತ್ರಿ ಟ್ಯಾಂಕಿನ ಮುಚ್ಚಳ ಬಿಚ್ಚಿ, ಅದರ ರಬ್ಬರು ಬಳೆಯನ್ನು ಬೆರಳಿಂದ ಸವರಿದಳು. ಬಿರುಕಿರಲಿಲ್ಲ. "ನೀವೇ ಹಾಕಿ, ದಿನಾ ಹಾಕೋ ಹಾಗೆ."

ಅಪ್ಪ ಹಾಕಿದರು. ಅವಳು ಆವಿಯ ಕೊಳವೆಯೊಳಗೆ ಯಂತ್ರದಿಂದ ಹೊಗೆ ಬಿಟ್ಟಳು. ಕಾರಿನ ಅಡಿಯಲ್ಲಿ ಎಲ್ಲೂ ಹೊಗೆ ಕಾಣಲಿಲ್ಲ. ಮುಚ್ಚಳದ ಅಂಚಿನಿಂದ ಬಿಳಿ ಎಳೆಯೊಂದು ಮೆಲ್ಲಗೆ ಎದ್ದಿತು.

"ನಾನು ಹೇಳಲಿಲ್ವಾ? ಕೆಟ್ಟ ಮಾಲು! ಮೊದಲೆಲ್ಲ ಟಕ್ ಟಕ್ ಅಂತಿತ್ತು. ಈಗಿನವು ಬಾಯೇ ಬಿಡಲ್ಲ. ಜಾಸ್ತಿ ತಿರುಗಿಸಿ ಮುರಿಯೋದ್ಯಾಕೆ ಅಂತ ಅಷ್ಟಕ್ಕೇ ಬಿಡ್ತೀನಿ."

ಮೇಸ್ತ್ರಿ ಮುಚ್ಚಳವನ್ನು ಇನ್ನಷ್ಟು ತಿರುಗಿಸಿದಳು. ಟಕ್. ಟಕ್. ಟಕ್.

"ಟಕ್ ಅಂತು ಅಪ್ಪ!" ಎಂದಳು ಮಗಳು, ಪಕ್ಕಕ್ಕೇ ಬಂದು.

"ಯಾವಾಗ?"

ಹೊಗೆಯ ಎಳೆ ನಿಂತುಹೋಗಿತ್ತು. ಅಪ್ಪ ಒಮ್ಮೆ ಮುಚ್ಚಳವನ್ನು, ಒಮ್ಮೆ ಮಗಳ ಮುಖವನ್ನು ನೋಡಿದರು.

"ಬೆಳಗ್ಗೆ ನಾನು ಕಿಟಕಿ ತೆಗಿ ಅಂದಿದ್ದು," ಎಂದಳು ಅವಳು, ದನಿ ಎತ್ತರಿಸಿ. "ನಿನಗೆ ಕಿಟಿಕಿಟಿ ಅಂತ ಕೇಳಿಸ್ತು."

ಮೇಸ್ತ್ರಿ ಮುಚ್ಚಳ ಸಡಿಲಿಸಿ ಅಪ್ಪನ ಕೈಯನ್ನು ಅದರ ಮೇಲಿಟ್ಟಳು. "ಕಿವಿ ಬಿಡಿ, ಯಜಮಾನ್ರೇ. ಅಂಗೈಗೆ ಗೊತ್ತಾಗುತ್ತೆ. ತಿರುಗಿಸಿ."

ಅಪ್ಪ ತಿರುಗಿಸಿದರು. "ಒಂದು," ಎಂದರು. ತಡೆದು, "ಎರಡು... ಮೂರು."

ಮಗಳು ಈ ಸಲ ಮುಂದೆ, ಅವರ ಪಕ್ಕದಲ್ಲೇ ಕೂತಳು. ಆ ದಿನ ಆಸ್ಪತ್ರೆಯಲ್ಲಿ ಎರಡು ಚೀಟಿ ಮಾಡಿಸಿದರು. ಒಂದು ಹೆರಿಗೆ ವಿಭಾಗಕ್ಕೆ, ಇನ್ನೊಂದು ಕಿವಿ ವಿಭಾಗಕ್ಕೆ.

ಗಾಡಿ ಇಟ್ಟುಕೊಂಡವರೇ, ಪೆಟ್ರೋಲ್ ವಾಸನೆ ಬಂದರೆ, ಎಂಜಿನ್ ದೀಪ ಹತ್ತಿದರೆ ಸುಮ್ಮನಿರಬೇಡಿ. ಮೊದಲು ಮುಚ್ಚಳ ನೋಡಿ. ರಬ್ಬರು ಬಳೆ ಬಿರುಕಿಲ್ಲದೆ ಇದೆಯೇ? ಟಕ್ ಎನ್ನುವವರೆಗೆ ಬಿಗಿದಿದ್ದೀರಾ? ಬಿಗಿದ ಮೇಲೂ ದೀಪ ಆರಲು ಕೆಲವು ದಿನ ಬೇಕಾಗಬಹುದು. ಆಮೇಲೂ ಆರದಿದ್ದರೆ, ವಾಸನೆ ಹೋಗದಿದ್ದರೆ, ಹೊಗೆ ಪರೀಕ್ಷೆ ಮಾಡಿಸಿ. ಬೆಂಕಿಕಡ್ಡಿ ಹಿಡಿದು ಹುಡುಕಲು ಮಾತ್ರ ಹೋಗಬೇಡಿ.

ಮತ್ತೆ, ಹಿಂದಿನ ಸೀಟಿನಿಂದ ಯಾರಾದರೂ ಏನಾದರೂ ಹೇಳಿದರೆ, ಗಾಡಿ ನಿಲ್ಲಿಸಿ ಇನ್ನೊಮ್ಮೆ ಕೇಳಿ.